ಮನೆ ಕೊಳ್ಳುವ ಮುನ್ನ ನೀರಿನ ದಾರಿ ಕೇಳಿ

ಮನೆ ಕೊಳ್ಳಲು ಹೊರಟವರು ಏನೇನು ವಿಚಾರಿಸುತ್ತಾರೆ? ಬಾಗಿಲು ಯಾವ ದಿಕ್ಕಿಗಿದೆ, ಅಡುಗೆಮನೆ ಆಗ್ನೇಯದಲ್ಲಿದೆಯೇ, ಕಾವೇರಿ ನೀರು ದಿನ ಬಿಟ್ಟು ದಿನವಾದರೂ ಬರುತ್ತದೆಯೇ, ಕೊಳವೆಬಾವಿ ಎಷ್ಟು ಅಡಿ, ಬಸ್ ನಿಲ್ದಾಣ ಎಷ್ಟು ದೂರ, ಶಾಲೆ ಎಷ್ಟು ದೂರ. ಕಾಗದಪತ್ರಗಳನ್ನು ವಕೀಲರು ನೋಡುತ್ತಾರೆ, ಸಾಲ ಕೊಡುವ ಬ್ಯಾಂಕಿನವರು ಇನ್ನೊಮ್ಮೆ ನೋಡುತ್ತಾರೆ. ಮನೆಗೆ ನೀರು ಎಲ್ಲಿಂದ ಬರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಬಂದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ. ಆ ಪ್ರಶ್ನೆಗೆ ಉತ್ತರ ಸಾಮಾನ್ಯವಾಗಿ ಸಿಗುವುದು ಗೃಹಪ್ರವೇಶವೆಲ್ಲ ಮುಗಿದ ಮೇಲೆ, ಮೊದಲ ಜೋರು ಮಳೆಯ ರಾತ್ರಿ.

ಬೆಂಗಳೂರನ್ನೇ ತೆಗೆದುಕೊಳ್ಳೋಣ. ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರುವ ಊರು. ದೊಡ್ಡ ನದಿ ಒಂದೂ ಇದರೊಳಗೆ ಹರಿಯುವುದಿಲ್ಲ. ವರ್ಷದ ಮಳೆ ಒಂದು ಮೀಟರಿಗಿಂತ ಸ್ವಲ್ಪ ಕಡಿಮೆ, ಕರಾವಳಿಯ ಮಳೆಯ ಅರ್ಧವೂ ಅಲ್ಲ. ಇಂಥ ಊರು ಮುಳುಗುವುದೆಂದರೆ ಮಾಳಿಗೆಯ ಮೇಲೆ ಕುಳಿತವನು ಹೊಳೆಗೆ ಬಿದ್ದ ಹಾಗೆ. ಆದರೂ 2022ರ ಸೆಪ್ಟೆಂಬರ್ ಮೊದಲ ವಾರ ಸರ್ಜಾಪುರ ರಸ್ತೆ, ಯಮಲೂರು, ಬೆಳ್ಳಂದೂರುಗಳಲ್ಲಿ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನರನ್ನು ದೋಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಕರೆತರಬೇಕಾಯಿತು. ಅಲ್ಲಿ ಹಣಕ್ಕೆ ಕೊರತೆ ಇರಲಿಲ್ಲ, ಶಿಕ್ಷಣಕ್ಕೂ ಇರಲಿಲ್ಲ. ಆ ನೆಲ ಮೊದಲು ಏನಾಗಿತ್ತು ಎಂಬುದು ಮಾತ್ರ ಕೊಂಡವರಿಗೆ ಗೊತ್ತಿರಲಿಲ್ಲ, ಇಲ್ಲವೇ ಯಾರೂ ಹೇಳಿರಲಿಲ್ಲ.

ಅದನ್ನು ತಿಳಿಯಬೇಕಾದರೆ ಊರಿನ ಬೆನ್ನುಮೂಳೆಯಿಂದ ಶುರುಮಾಡಬೇಕು. ಬೆಂಗಳೂರು ಒಂದು ದಿಣ್ಣೆಯ ಮೇಲೆ ಕುಳಿತಿದೆ. ಸ್ಥೂಲವಾಗಿ ಉತ್ತರ ದಕ್ಷಿಣವಾಗಿ ಹಾದು ಹೋಗುವ ಈ ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಯ ಕಣಿವೆಗಿಳಿದು ಅರ್ಕಾವತಿ ಸೇರಿ ಕೊನೆಗೆ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳ ಕಣಿವೆ, ಕೋರಮಂಗಲ-ಚಲ್ಲಘಟ್ಟ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ವೃಷಭಾವತಿ ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟುತ್ತದೆಂಬ ನಂಬಿಕೆ ಇದೆ. ಅದೇ ವೃಷಭಾವತಿಯನ್ನು ಜನ ಈಗ ಕೆಂಗೇರಿ ಮೋರಿ ಎನ್ನುತ್ತಾರೆ. ಹೊಳೆ ಎಂದದ್ದು ಹಳ್ಳವಾಗಿ, ಹಳ್ಳ ಕಾಲುವೆಯಾಗಿ, ಕಾಲುವೆ ಮೋರಿಯಾಗುವಷ್ಟರಲ್ಲಿ ಆ ನೀರಿನ ಮರ್ಯಾದೆ ಹೋಗಿತ್ತು. ಮರ್ಯಾದೆ ಇಲ್ಲದ್ದನ್ನು ಒತ್ತುವರಿ ಮಾಡುವುದು ಸುಲಭ.

ನದಿಯಿಲ್ಲದ ಈ ನೆಲದಲ್ಲಿ ಹಿಂದಿನವರು ಬದುಕಿದ್ದು ಕೆರೆಗಳನ್ನು ನಂಬಿ. ಕೆಂಪೇಗೌಡರ ಕಾಲಕ್ಕೂ ಮೊದಲೇ ಇಲ್ಲಿ ಕೆರೆಗಳಿದ್ದವು, ಅವರ ಕಾಲದಲ್ಲಿ ಹೆಚ್ಚಾದವು. ಇವು ಒಂದೊಂದೂ ಬೇರೆ ಬೇರೆ ನೀರಿನ ಗುಂಡಿಗಳಲ್ಲ, ಸರಪಳಿ. ಕಣಿವೆಗೆ ಅಡ್ಡಲಾಗಿ ಏರಿ ಹಾಕಿ ನೀರು ನಿಲ್ಲಿಸುವುದು. ತೂಬಿನಿಂದ ಗದ್ದೆಗೆ ಬಿಡುವುದು. ಹೆಚ್ಚಾದದ್ದು ಕೋಡಿಯಿಂದ ಹೊರಬಿದ್ದು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುವುದು. ಅಲ್ಲಿಂದ ಇನ್ನೂ ಕೆಳಗಿನದಕ್ಕೆ. ಹೀಗೆ ಕೆರೆಯಿಂದ ಕೆರೆಗೆ ನೀರು ಒಯ್ಯುವ ಮುಖ್ಯ ಕಾಲುವೆಯೇ ರಾಜಕಾಲುವೆ. ರಾಜ ಎಂದರೆ ಇಲ್ಲಿ ಹಿರಿದು, ಮುಖ್ಯವಾದದ್ದು ಎಂದಷ್ಟೇ ಅರ್ಥ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳಲು ನೀರುಗಂಟಿ ಇರುತ್ತಿದ್ದ. ಬೇಸಿಗೆಯಲ್ಲಿ ಹೂಳು ತೆಗೆದು ಗದ್ದೆಗೆ ಹೊಡೆಯುತ್ತಿದ್ದರು. ಕೆರೆ ಕೋಡಿ ಬಿತ್ತೆಂದರೆ ಊರಿಗೆ ಹಬ್ಬ. ಬಾಗಿನ ಬಿಡುವುದು ಆ ಸಂಭ್ರಮಕ್ಕೇ. ಇಂದು ಅದೇ ಕೋಡಿ ಬಿದ್ದರೆ ಕೆಳಗಿನ ಬಡಾವಣೆಯವರು ಅಗ್ನಿಶಾಮಕ ದಳಕ್ಕೆ ಫೋನು ಮಾಡುತ್ತಾರೆ. ನೀರು ಮಾಡುತ್ತಿರುವುದು ಮೊದಲಿನ ಕೆಲಸವನ್ನೇ.

ಕೆರೆಗಳ ಬೆಲೆ ಇಳಿದದ್ದು ದೂರದ ನೀರು ಬಂದಾಗ. 1890ರ ದಶಕದಲ್ಲಿ ಹೆಸರಘಟ್ಟದಿಂದ, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1970ರ ದಶಕದಲ್ಲಿ ಕಾವೇರಿಯಿಂದ ಕೊಳವೆಯಲ್ಲಿ ನೀರು ಬಂತು. ಕುಡಿಯುವುದಕ್ಕೆ ಕೆರೆ ಬೇಡವಾಯಿತು, ಗದ್ದೆಗಳು ನಿವೇಶನಗಳಾದ ಮೇಲೆ ಬೇಸಾಯಕ್ಕೂ ಬೇಡವಾಯಿತು. ಬೇಡವಾದ ಕೆರೆ ಎಂದರೆ ಊರಿನ ನಟ್ಟನಡುವೆ ಸಿಕ್ಕ ಸಮತಟ್ಟಾದ ಸರ್ಕಾರಿ ಜಾಗ. ಧರ್ಮಾಂಬುಧಿ ಕೆರೆಯ ಮೇಲೆ ಬಸ್ ನಿಲ್ದಾಣ ಬಂತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ, ಚಲ್ಲಘಟ್ಟ ಕೆರೆಯ ಮೇಲೆ ಗಾಲ್ಫ್ ಮೈದಾನ, ಕೋರಮಂಗಲ ಕೆರೆಯ ಮೇಲೆ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕಟ್ಟಿದ ವಸತಿ ಸಮುಚ್ಚಯ. ಮೆಜೆಸ್ಟಿಕ್ಕಿನಲ್ಲಿ ಮಳೆ ಬಂದಾಗ ಮೊಣಕಾಲುದ್ದ ನೀರು ನಿಲ್ಲುವುದನ್ನು ಕಂಡು ಬೈಯುವವರು, ತಾವು ಕೆರೆಯಂಗಳದಲ್ಲಿ ನಿಂತು ಬಸ್ಸಿಗೆ ಕಾಯುತ್ತಿದ್ದೇವೆ ಎಂಬುದನ್ನೂ ನೆನೆಯಬೇಕು.

ಕೆರೆ ಹೋದರೂ ಊರುಗಳ ಹೆಸರಿನಲ್ಲಿ ಉಳಿದುಕೊಂಡಿದೆ. ಅರಕೆರೆ, ಕೋಣನಕುಂಟೆಗಳಲ್ಲಿ ಅದು ನೇರವಾಗಿಯೇ ಇದೆ; ಕುಂಟೆ ಎಂದರೆ ಚಿಕ್ಕ ಕೆರೆ. ತಿಪ್ಪಸಂದ್ರ, ಜಕ್ಕಸಂದ್ರ, ಬೊಮ್ಮಸಂದ್ರಗಳ ‘ಸಂದ್ರ’ ಮೂಲದಲ್ಲಿ ಸಮುದ್ರ ಎನ್ನುತ್ತಾರೆ. ದೊಡ್ಡ ಕೆರೆಗೆ ಸಮುದ್ರ ಎಂದು ಹೆಸರಿಡುವುದು ನಮ್ಮಲ್ಲಿ ಹಳೆಯ ರೂಢಿ. ಆದರೆ ಹೊಸ ಬಡಾವಣೆಗಳು ಬುದ್ಧಿವಂತಿಕೆಯಿಂದ ಹೆಸರಿಡುತ್ತವೆ. ಕೋರಮಂಗಲದಲ್ಲಿ ಎಸ್.ಟಿ. ಬೆಡ್ ಬಡಾವಣೆ ಎಂದೊಂದಿದೆ. ಆ ಅಕ್ಷರಗಳನ್ನು ಬಿಡಿಸಿದರೆ ಶ್ರೀನಿವಾಗಿಲು ಟ್ಯಾಂಕ್ ಬೆಡ್, ಅರ್ಥಾತ್ ಶ್ರೀನಿವಾಗಿಲು ಕೆರೆಯಂಗಳ. 2017ರ ಆಗಸ್ಟ್ ಮಳೆಗೆ ಅಲ್ಲಿನ ಮನೆಗಳಿಗೆ ನೀರು ನುಗ್ಗಿದಾಗ ಎಷ್ಟೋ ಜನರಿಗೆ ಆಶ್ಚರ್ಯವಾಯಿತು. ವಿಳಾಸದಲ್ಲಿ ದಿನವೂ ಬರೆಯುತ್ತಿದ್ದ ಎರಡು ಇನಿಷಿಯಲ್ಲುಗಳನ್ನು ಯಾರೂ ಬಿಡಿಸಿ ಓದಿರಲಿಲ್ಲ.

ಕೆರೆಯ ಹತ್ತಿರ ಎಂದ ಮಾತ್ರಕ್ಕೆ ಎಲ್ಲ ಜಾಗವೂ ಒಂದೇ ಅಲ್ಲ. ಏರಿಯ ಒಳಮಗ್ಗುಲಿನ ಕೆರೆಯಂಗಳ ನೂರಾರು ವರ್ಷದ ಹೂಳು ತುಂಬಿದ ನೆಲ. ಜೇಡಿಯಾದ ಆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಅದರ ಮೇಲಿನ ಗೋಡೆ ಓರೆಯಾಗಿ ಸೀಳಿದರೆ ಮೇಸ್ತ್ರಿಯನ್ನು ಮಾತ್ರ ದೂರಿ ಫಲವಿಲ್ಲ. ಏರಿಯ ಹೊರಮಗ್ಗುಲಿನ ಅಚ್ಚುಕಟ್ಟು, ಅಂದರೆ ಹಳೆಯ ಗದ್ದೆಬಯಲು, ಇನ್ನೊಂದು ಬಗೆ. ಅಲ್ಲಿ ಮೇಲಿನಿಂದ ಬರುವ ನೀರಿಗಿಂತ ಅಡಿಯಿಂದ ಜಿನುಗುವ ನೀರು ಹೆಚ್ಚು ಕಾಡುತ್ತದೆ. ಕೆರೆ ತುಂಬಿದ ವರ್ಷ ನೆಲಮಾಳಿಗೆಯಲ್ಲಿ ಪಂಪು ನಿಲ್ಲುವುದಿಲ್ಲ. ಮೂರನೆಯದು ಕೋಡಿಯ ನೇರಕ್ಕೆ, ಕಾಲುವೆಯ ದಂಡೆಯಲ್ಲಿರುವ ಜಾಗ. ವರ್ಷದ ಮುನ್ನೂರೈವತ್ತು ದಿನ ಅಲ್ಲಿ ಏನೂ ಆಗುವುದಿಲ್ಲ. ಉಳಿದ ದಿನಗಳಲ್ಲೊಂದು ರಾತ್ರಿ ಸಾಕು. ಮೂರರಲ್ಲಿ ಅಪಾಯಕಾರಿ ಇದೇ, ಏಕೆಂದರೆ ಬೇಸಿಗೆಯಲ್ಲಿ ಮನೆ ನೋಡಲು ಹೋದವರಿಗೆ ಅದು ತಂಪಾದ, ಮರಗಿಡವಿರುವ, ಎದುರಿಗೆ ಮನೆಯಿಲ್ಲದ ಸುಂದರ ಮೂಲೆ ನಿವೇಶನವಾಗಿ ಕಾಣುತ್ತದೆ.

ಒಂದು ಲೆಕ್ಕ ಹಾಕಿ ನೋಡಬಹುದು. ಮೂವತ್ತು ನಲವತ್ತರ ನಿವೇಶನವೆಂದರೆ 1,200 ಚದರ ಅಡಿ, ಸುಮಾರು 111 ಚದರ ಮೀಟರ್. ಹತ್ತು ಸೆಂಟಿಮೀಟರ್ ಮಳೆ ಬಿದ್ದರೆ ಅಷ್ಟರ ಮೇಲೆ ಬೀಳುವ ನೀರು 11,000 ಲೀಟರಿಗೂ ಹೆಚ್ಚು. ಹೊಲವಾಗಿದ್ದಾಗ ಇದರಲ್ಲಿ ಬಹುಪಾಲು ಮಣ್ಣಿಗೆ ಇಳಿಯುತ್ತಿತ್ತು, ಉಳಿದದ್ದು ಬದುಗಳನ್ನು ದಾಟಿ ನಿಧಾನವಾಗಿ ಹೋಗುತ್ತಿತ್ತು. ತಾರಸಿ, ಸಿಮೆಂಟಿನ ಅಂಗಳ, ಟಾರು ರಸ್ತೆ ಆದ ಮೇಲೆ ಹೆಚ್ಚುಕಡಿಮೆ ಪೂರ್ತಿ ನೀರು ಅರ್ಧ ಗಂಟೆಯಲ್ಲಿ ಚರಂಡಿಗೆ ಬಂದು ಬೀಳುತ್ತದೆ. ನೂರು ಮನೆಯ ಬಡಾವಣೆಗೆ ರಸ್ತೆಯನ್ನು ಬಿಟ್ಟರೂ 11 ಲಕ್ಷ ಲೀಟರ್. ಅತ್ತ ಕಾಲುವೆಗಳ ಗತಿ ನೋಡಿ: ಬೆಂಗಳೂರಿನ ಮಳೆನೀರಿನ ವ್ಯವಸ್ಥೆಯ ಬಗ್ಗೆ ಮಹಾಲೇಖಪಾಲರು 2021ರಲ್ಲಿ ಮಂಡಿಸಿದ ವರದಿಯ ಪ್ರಕಾರ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೋರಮಂಗಲ ಮತ್ತು ವೃಷಭಾವತಿ ಕಣಿವೆಗಳಲ್ಲಿ ಇದ್ದ ಕಾಲುವೆಗಳ ಉದ್ದ ಈಗ ಸುಮಾರು ಅರ್ಧದಷ್ಟಕ್ಕೆ ಇಳಿದಿದೆ. ನೀರು ಹಲವು ಪಟ್ಟಾಗಿದೆ, ದಾರಿ ಅರ್ಧವಾಗಿದೆ. ಉಳಿದರ್ಧ ದಾರಿಯ ಮೇಲೆ ಯಾರದೋ ಮನೆ ಇದೆ. ನಾವು ಕೊಳ್ಳಲು ಹೊರಟಿರುವುದು ಅದೇ ಮನೆ ಅಲ್ಲವಷ್ಟೆ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಸಾಮಾನ್ಯವಾಗಿ ನಾವು ನೋಡುವ ಪತ್ರಗಳು ಇದನ್ನು ಹೇಳುವುದಿಲ್ಲ. ಕ್ರಯಪತ್ರ, ಮೂಲಪತ್ರ, ಋಣಭಾರ ಪತ್ರ, ಖಾತೆ, ಕಂದಾಯ ರಸೀದಿ ಎಲ್ಲವೂ ನೆಲ ಯಾರದು ಎಂಬ ಪ್ರಶ್ನೆಗೆ ಉತ್ತರಗಳು. ನೆಲ ಎಂಥದು ಎಂಬುದಕ್ಕೆ ಬೇರೆ ಕಾಗದ ಬೇಕು, ಅದು ಇನ್ನೂ ಹಳೆಯದು. ಬಡಾವಣೆ ಆಗುವ ಮೊದಲಿನ ಸರ್ವೆ ನಂಬರನ್ನು ಕ್ರಯಪತ್ರದಿಂದ ಹುಡುಕಿಕೊಂಡು ಆ ಗ್ರಾಮದ ನಕ್ಷೆಯನ್ನು ತೆಗೆಸಬೇಕು. ಭೂಮಾಪನ ಇಲಾಖೆಯ ಈ ನಕ್ಷೆಗಳಲ್ಲಿ ಹಳ್ಳ, ಕಾಲುವೆ, ಕೆರೆ, ಬಂಡಿದಾರಿ ಎಲ್ಲವನ್ನೂ ಗುರುತು ಹಾಕಿರುತ್ತಾರೆ. ಹಿಂದೆ ಇದಕ್ಕೆ ತಾಲ್ಲೂಕು ಕಚೇರಿ ಅಲೆಯಬೇಕಿತ್ತು. ಈಗ ಇಲಾಖೆಯ ಅಂತರಜಾಲ ತಾಣದಲ್ಲೇ ಸಿಗುತ್ತವೆ. ನಿಂತ ಜಾಗದ ಸರ್ವೆ ನಂಬರನ್ನು ಮೊಬೈಲಿನಲ್ಲಿ ತೋರಿಸುವ ದಿಶಾಂಕ್ ಎಂಬ ಸರ್ಕಾರಿ ಆ್ಯಪ್ ಕೂಡ ಇದೆ.

ಪಹಣಿಯಲ್ಲಿ ಯಾರೂ ಕಣ್ಣು ಹಾಯಿಸದ ಒಂದು ಕಲಮಿದೆ: ಖರಾಬು. ವ್ಯವಸಾಯಕ್ಕೆ ಒದಗದ ಜಾಗ ಎಂದು ಇದರ ಅರ್ಥ. ಅದರಲ್ಲಿ ಎರಡು ಬಗೆ. ‘ಅ’ ಖರಾಬು ಬಂಡೆ, ಕಣ, ಮನೆ ಇತ್ಯಾದಿ. ‘ಬ’ ಖರಾಬು ಸಾರ್ವಜನಿಕರಿಗೆ ಸೇರಿದ್ದು: ದಾರಿ, ಹಳ್ಳ, ಕಾಲುವೆ, ಸ್ಮಶಾನ. ಒಂದು ಸರ್ವೆ ನಂಬರಿನಲ್ಲಿ ಎಂಟು ಗುಂಟೆ ‘ಬ’ ಖರಾಬು ಇದೆ ಎಂದರೆ ಆ ಹೊಲದೊಳಗೆ ಒಂದು ಹಳ್ಳವೋ ದಾರಿಯೋ ಇತ್ತು ಎಂದೇ ಅರ್ಥ. ಹೊಲ ನಿವೇಶನಗಳಾಗಿ ಹಂಚಿಹೋಗಿದೆ; ಆ ಎಂಟು ಗುಂಟೆ ಯಾವ ನಿವೇಶನದಲ್ಲಿದೆ? ಮಾರುವವರನ್ನು ಈ ಪ್ರಶ್ನೆ ಕೇಳಿ ನೋಡಿ. ಅವರು ಬೆಲೆಯನ್ನು ಎಷ್ಟು ಬೇಗ ಇಳಿಸುತ್ತಾರೆ ಎಂಬುದರಲ್ಲೇ ಉತ್ತರ ಸಿಕ್ಕೀತು.

ಈ ಕಾಗದಕ್ಕೆ ಎಷ್ಟು ಬೆಲೆ ಎಂಬುದು 2016ರ ಆಗಸ್ಟಿನಲ್ಲಿ ಗೊತ್ತಾಯಿತು. ಜುಲೈ ಕೊನೆಯ ಮಳೆಗೆ ಬೆಂಗಳೂರಿನ ದಕ್ಷಿಣ ಭಾಗದ ಬಡಾವಣೆಗಳು ಜಲಾವೃತವಾದ ಬಳಿಕ ಪಾಲಿಕೆ ಹಳೆಯ ಗ್ರಾಮ ನಕ್ಷೆಗಳನ್ನು ಹಿಡಿದು ರಾಜಕಾಲುವೆಗಳ ಮೇಲಿನ ಕಟ್ಟಡಗಳನ್ನು ಕೆಡವಿತು. ನಕ್ಷೆ ಮಂಜೂರಾತಿ, ಖಾತೆ, ಬ್ಯಾಂಕ್ ಸಾಲ, ವಿದ್ಯುತ್ತು, ನಲ್ಲಿ ಎಲ್ಲವೂ ಇದ್ದ ಮನೆಗಳು ಅವುಗಳಲ್ಲಿದ್ದವು. ಕೈಯಲ್ಲಿ ಕಾಗದ ಹಿಡಿದು ನಿಂತವರ ಮುಂದೆಯೇ ಯಂತ್ರ ಗೋಡೆಗೆ ತಾಗಿತು. ಪರವಾನಗಿ ಕೊಟ್ಟ ಕೈಯೇ ಕೆಡವಲು ಬಂದದ್ದು ನ್ಯಾಯವೇ ಎಂಬ ಅವರ ಪ್ರಶ್ನೆಯಲ್ಲಿ ಸತ್ಯವಿದೆ. ಕೊಂಡವನು ಸಾಲದ ಕಂತು ಕಟ್ಟುತ್ತಲೇ ಉಳಿದ, ಬಡಾವಣೆ ಮಾಡಿ ಮಾರಿದವನು ಎಂದೋ ಲಾಭ ಎಣಿಸಿ ಹೋಗಿದ್ದ.

ಕಾಲುವೆಯಿಂದ ಎಷ್ಟು ದೂರ ಬಿಟ್ಟು ಕಟ್ಟಬೇಕೆಂಬುದರಲ್ಲೂ ಗೊಂದಲ ಕಡಿಮೆಯೇನಿಲ್ಲ. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗಳ ಸುತ್ತ 75 ಮೀಟರ್, ಕಾಲುವೆಗಳಿಗೆ ದರ್ಜೆಗೆ ತಕ್ಕಂತೆ 50, 35, 25 ಮೀಟರ್ ಬಿಡಬೇಕೆಂದಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ನಗರದ ಮಹಾಯೋಜನೆಯಲ್ಲಿದ್ದ ಅಂತರಗಳನ್ನೇ ಉಳಿಸಿತು: ಕೆರೆಗೆ 30 ಮೀಟರ್, ಕಾಲುವೆಗಳಿಗೆ 50, 25, 15. ಆಮೇಲೂ ಇವುಗಳನ್ನು ಬದಲಿಸುವ ಪ್ರಯತ್ನಗಳು ನಡೆದಿವೆ. ಹಾಗಾಗಿ ಕೊಳ್ಳುವ ದಿನ ಜಾರಿಯಲ್ಲಿರುವ ನಿಯಮವೇನೆಂದು ವಕೀಲರನ್ನು ಬರವಣಿಗೆಯಲ್ಲಿ ಕೇಳುವುದು ಲೇಸು. ಅಂತರವನ್ನು ನ್ಯಾಯಾಲಯ ಹೆಚ್ಚು ಕಡಿಮೆ ಮಾಡಬಹುದು, ಪ್ರವಾಹದ ಅಗಲವನ್ನಲ್ಲ.

ಕಾನೂನಿನ ಮಾತು ಬಂತೆಂದು ಇನ್ನೆರಡು ಸಂಗತಿ. 1882ರಲ್ಲಿ ಅನುಭೋಗದ ಹಕ್ಕುಗಳ ಬಗ್ಗೆ ಆದ ಕಾಯ್ದೆ ಒಂದು ಉದಾಹರಣೆ ಕೊಡುತ್ತದೆ: ಮೇಲಿನ ಜಮೀನಿನ ಮೇಲೆ ಸಹಜವಾಗಿ ಬಿದ್ದ ನೀರು ಸಹಜವಾಗಿಯೇ ಕೆಳಗಿನ ಜಮೀನಿಗೆ ಹರಿದು ಹೋಗಲು ಕೆಳಗಿನವನು ಬಿಡಬೇಕು, ಅದು ಮೇಲಿನವನ ಹಕ್ಕು. ತಗ್ಗಿನ ನಿವೇಶನ ಕೊಂಡವರು ಈ ಹಕ್ಕಿನ ಭಾರವನ್ನೂ ಸೇರಿಸಿಯೇ ಕೊಂಡಿರುತ್ತಾರೆ. ಅದೇ ವರ್ಷದ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮು ಮಾರುವವನಿಗೊಂದು ಕರ್ತವ್ಯ ಹೇಳುತ್ತದೆ. ಸ್ವತ್ತಿನಲ್ಲಿ ತನಗೆ ಗೊತ್ತಿರುವ, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಅವನು ತಿಳಿಸಲೇಬೇಕು. ಇದರ ಇನ್ನೊಂದು ಮುಖವನ್ನು ಗಮನಿಸಿ: ಎಚ್ಚರದಿಂದ ನೋಡಿದ್ದರೆ ಕಾಣುತ್ತಿದ್ದ ದೋಷಕ್ಕೆ ಕೊಂಡವನೇ ಹೊಣೆ. ಪಕ್ಕದಲ್ಲೇ ಮೋರಿ ಹರಿಯುತ್ತಿರುವಾಗ ಗೊತ್ತಿರಲಿಲ್ಲ ಎಂದರೆ ನಡೆಯುವುದು ಕಷ್ಟ. ಕಟ್ಟಡದವರಿಂದ ನೇರವಾಗಿ ಹೊಸ ಮನೆ ಕೊಂಡವರಿಗೆ 2016ರ ರೇರಾ ಕಾಯ್ದೆಯ ಆಸರೆಯಿದೆ. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ, ಕೆಲಸದ, ಸೌಕರ್ಯಗಳ ದೋಷ ಕಂಡು ಅದನ್ನು ತಿಳಿಸಿದರೆ ಕಟ್ಟಿದವರು ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕು.

ಇನ್ನು ಮನೆಯನ್ನು ನೋಡುವ ಬಗೆ. ಸಾಧ್ಯವಾದರೆ ಮಳೆಯಲ್ಲಿ ಹೋಗಿ ನೋಡಿ. ಒಳ್ಳೆಯ ದಿನ ನೋಡಿ ಬಿಸಿಲಲ್ಲಿ ಹೋಗಿ ಬಂದರೆ ಮನೆಯ ಅರ್ಧವನ್ನಷ್ಟೇ ನೋಡಿದಂತೆ. ಮಳೆ ಇಲ್ಲದ ದಿನ ಗುರುತುಗಳನ್ನು ಓದಬೇಕು. ಕೆಳಗಿನ ಎರಡು ಅಡಿಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ, ನಡುಮನೆಯ ಗೋಡೆಗೂ ಬಚ್ಚಲಿನಂತೆ ಮೂರಡಿ ಎತ್ತರ ಟೈಲ್ಸ್ ಹಾಕಿದ್ದರೆ, ಎಲ್ಲ ಗೋಡೆಯಲ್ಲೂ ಒಂದೇ ಮಟ್ಟಕ್ಕೆ ಉಪ್ಪು ಬಿಟ್ಟಿದ್ದರೆ ಕಾರಣ ಕೇಳಬೇಕು. ಬೀದಿಯ ಮನೆಗಳ ಗೇಟಿನಡಿ ಒಂದೊಂದು ಅಡಿ ಎತ್ತರದ ಸಿಮೆಂಟು ಕಟ್ಟೆ ಇದ್ದರೆ ಅದು ಅಲಂಕಾರಕ್ಕಲ್ಲ. ಮೂಲೆಯಂಗಡಿಯವರನ್ನು, ಇಸ್ತ್ರಿಯವರನ್ನು ‘ಇಲ್ಲಿ ನೀರು ನಿಲ್ಲುತ್ತದೆಯೇ’ ಎಂದು ಕೇಳಿದರೆ ಇಲ್ಲ ಎಂದಾರು. ‘ಹೋದ ಸಲ ನೀರು ಎಲ್ಲಿಯವರೆಗೆ ಬಂದಿತ್ತು’ ಎಂದು ಕೇಳಿದರೆ ಕೈ ತೋರಿಸುತ್ತಾರೆ.

ಮನೆಯ ಪಾಯದ ಮಟ್ಟವನ್ನೂ ರಸ್ತೆಯ ಮಟ್ಟವನ್ನೂ ಹೋಲಿಸುವುದು ಮುಖ್ಯ. ನಮ್ಮಲ್ಲಿ ಹಳೆಯ ಟಾರನ್ನು ಕೆರೆದು ತೆಗೆಯದೆ ಅದರ ಮೇಲೇ ಹೊಸದನ್ನು ಹಾಕುವ ರೂಢಿ ಹೆಚ್ಚು. ಚುನಾವಣೆಗೊಮ್ಮೆ ರಸ್ತೆ ಎರಡಂಗುಲ ಏರಿದರೆ, ಇಪ್ಪತ್ತು ವರ್ಷದ ಹಿಂದೆ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕಾಗುತ್ತದೆ. ಇದಕ್ಕೆ ವಾಸ್ತು ಎಂಬುದೊಂದು ಸೇರಿಕೊಂಡಿದೆ. ನೆಲ ಈಶಾನ್ಯಕ್ಕೆ ಇಳಿಜಾರಾಗಿರಬೇಕೆಂದು ಹೇಳುತ್ತಾರೆ. ಆದರೆ ದಿಣ್ಣೆಯ ಪಶ್ಚಿಮದ ಇಳಿಜಾರಿನಲ್ಲಿ ನೆಲ ವೃಷಭಾವತಿಯ ಕಡೆಗೆ ಇಳಿಯುತ್ತದೆ, ಈಶಾನ್ಯಕ್ಕಲ್ಲ. ಅಲ್ಲಿ ನೈಋತ್ಯಕ್ಕೆ ಮಣ್ಣು ತುಂಬಿ ನೆಲವನ್ನು ತಿರುಗಿಸಿದರೆ, ಕೊಳವೆ ಮಾತ್ರ ಬೀದಿಯ ಚರಂಡಿ ಇರುವ ಕಡೆಗೇ ಹೋಗಬೇಕು. ನಾಲ್ಕಂಗುಲದ ಮಲಿನನೀರಿನ ಕೊಳವೆಗೆ ಅರವತ್ತು ಅಡಿಗೆ ಒಂದಡಿಯಾದರೂ ಇಳಿತ ಬೇಕು. ಶಾಸ್ತ್ರಕ್ಕಾಗಿ ಆ ಇಳಿತ ಕಳೆದುಕೊಂಡ ಮನೆಗಳಲ್ಲಿ ತಿಂಗಳಿಗೊಮ್ಮೆ ಕಟ್ಟಿಕೊಳ್ಳುವುದು ತಪ್ಪುವುದಿಲ್ಲ.

ಕೊಳವೆಯನ್ನು ಪರೀಕ್ಷಿಸಲು ದೊಡ್ಡ ವಿದ್ಯೆ ಬೇಡ. ಚೇಂಬರಿನ ಮುಚ್ಚಳಗಳನ್ನೆಲ್ಲ ತೆಗೆಸಿ. ಮುಚ್ಚಳ ಎಲ್ಲಿದೆ ಎಂದು ಮಾರುವವರಿಗೇ ಗೊತ್ತಿಲ್ಲದಿದ್ದರೆ, ಇಲ್ಲವೇ ಅದರ ಮೇಲೆ ಟೈಲ್ಸ್ ಹಾಕಿ ಮುಚ್ಚಿದ್ದರೆ ಅಲ್ಲೇ ನಿಲ್ಲಿ. ಬಟ್ಟೆಗೆ ಹಾಕುವ ನೀಲಿಯನ್ನು ಬಕೆಟ್ಟಿನಲ್ಲಿ ಕದಡಿ ಕಕ್ಕಸಿಗೆ ಸುರಿದು, ಬೀದಿಯ ಬದಿಯ ಚೇಂಬರಿನಲ್ಲಿ ಒಬ್ಬರು ನಿಂತು ನೋಡಲಿ. ನೀಲಿ ಬೇಗ ಬಂದು ಬೇಗ ತಿಳಿಯಾದರೆ ಸರಿ. ತಡವಾಗಿ ಬಂದು ನಿಂತುಕೊಂಡರೆ ನಡುವೆ ಎಲ್ಲೋ ಕೊಳವೆ ಕುಸಿದಿದೆ. ಬರಲೇ ಇಲ್ಲವೆಂದರೆ ಆ ನೀರು ಬೇರೆಲ್ಲೋ ಹೋಗುತ್ತಿದೆ ಎಂದಾಯಿತು. ಅದು ಪಕ್ಕದ ಮೋರಿಯೂ ಆಗಿರಬಹುದು, ಮನೆಯಡಿಯ ಗುಂಡಿಯೂ ಆಗಿರಬಹುದು.

ಬೆಂಗಳೂರಿನಲ್ಲಿ ಮಳೆನೀರಿನ ಕಾಲುವೆ ಪಾಲಿಕೆಯ ಪಾಲು, ಒಳಚರಂಡಿ 1964ರಲ್ಲಿ ಸ್ಥಾಪನೆಯಾದ ಜಲಮಂಡಳಿಯ ಪಾಲು. ಕಾಗದದ ಮೇಲೆ ಎರಡೂ ಬೇರೆ. ನೆಲದಡಿ ಎಷ್ಟೋ ಕಡೆ ಒಂದೇ. ತಾರಸಿಯ ನೀರಿನ ಕೊಳವೆಯನ್ನು ಒಳಚರಂಡಿಯ ಚೇಂಬರಿಗೆ ಜೋಡಿಸುವುದು ಅಗ್ಗ; ಜೋಡಿಸಿದವನಿಗೆ ತೊಂದರೆ ಇಲ್ಲ. ಮಳೆ ಬಂದಾಗ ಆ ಕೊಳವೆಗಳು ತಾಳಲಾರದಷ್ಟು ತುಂಬಿ, ನೀರು ಹಿಂದಕ್ಕೆ ತಳ್ಳಿ, ಬೀದಿಯಲ್ಲಿ ಎಲ್ಲರಿಗಿಂತ ತಗ್ಗಿನಲ್ಲಿರುವ ಮನೆಯ ಕಕ್ಕಸಿನಲ್ಲಿ ಮೇಲೇಳುತ್ತದೆ. ನೀರು ಹಿಂದೆ ಬರದಂತೆ ತಡೆಯುವ ಕವಾಟ ಇದೆಯೇ ಎಂದು ತಗ್ಗಿನ ಮನೆ ಕೊಳ್ಳುವವರು ನೋಡಲೇಬೇಕು. ಇಲ್ಲದಿದ್ದರೆ ಹಾಕಿಸುವುದು ಅಸಾಧ್ಯವೇನಲ್ಲ.

ಒಳಚರಂಡಿ ಮುಟ್ಟದ ಬಡಾವಣೆಗಳಲ್ಲಿ ಗುಂಡಿಯೇ ಗತಿ. ಇಲ್ಲಿ ಕೇಳಬೇಕಾದ ಪ್ರಶ್ನೆಯನ್ನು ನಮ್ಮ ಮಧ್ಯಮವರ್ಗ ಬಾಯಿಬಿಟ್ಟು ಕೇಳುವುದಿಲ್ಲ: ಇದನ್ನು ಖಾಲಿ ಮಾಡುವವರು ಯಾರು? 1898ರ ಪ್ಲೇಗಿನ ನಂತರ ಬೆಳೆದ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮನೆಗಳ ಹಿಂದೆ ಕಿರಿದಾದ ಓಣಿಗಳನ್ನು ಬಿಟ್ಟದ್ದು ಮಲ ಹೊತ್ತೊಯ್ಯುವವರು ಯಾರ ಕಣ್ಣಿಗೂ ಬೀಳದೆ ಬಂದು ಹೋಗಲೆಂದು. ಮಲ ಹೊರುವ ಪದ್ಧತಿಯನ್ನು 1993ರ ಕಾಯ್ದೆ ನಿಷೇಧಿಸಿತು; 2013ರ ಕಾಯ್ದೆ ರಕ್ಷಣೆಯಿಲ್ಲದೆ ಗುಂಡಿಗೆ, ಚರಂಡಿಗೆ ಜನರನ್ನು ಇಳಿಸುವುದನ್ನೂ ಅಪರಾಧವೆಂದಿತು. ಹಾಗಿದ್ದೂ ವಿಷಾನಿಲಕ್ಕೆ ಸಿಕ್ಕಿ ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ನಿಂತಿಲ್ಲ. ಹೀರುಯಂತ್ರದ ಲಾರಿ ಬರಲಾಗದ ಸಂದಿಯಲ್ಲಿ, ಮೆಟ್ಟಿಲಿನಡಿಯಲ್ಲಿ, ಕಾರು ನಿಲ್ಲಿಸುವ ಜಾಗದ ಸಿಮೆಂಟಿನಡಿಯಲ್ಲಿ ಗುಂಡಿ ಇದ್ದರೆ ಕೊನೆಗೆ ಯಾರೋ ಒಬ್ಬ ಮನುಷ್ಯ ಇಳಿಯಬೇಕಾಗುತ್ತದೆ. ಅಂಥ ಮನೆಯನ್ನು ಬಿಡುವುದು, ಅಥವಾ ಗುಂಡಿಯನ್ನು ಲಾರಿಯ ಕೊಳವೆ ಮುಟ್ಟುವ ಜಾಗಕ್ಕೆ ಸ್ಥಳಾಂತರಿಸುವ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳುವುದು ಒಳ್ಳೆಯದು.

ಈಗಾಗಲೇ ಕೊಂಡಾಗಿದೆ ಎನ್ನುವವರು ಪಾಯ ಎತ್ತರಿಸುತ್ತಾರೆ. ಅದರಿಂದ ತಮ್ಮ ಮನೆ ಉಳಿದರೂ ನೀರು ಪಕ್ಕದವರ ಅಂಗಳಕ್ಕೆ ಹೋಗುತ್ತದೆ, ಮುಂದಿನ ವರ್ಷ ಅವರೂ ಎತ್ತರಿಸುತ್ತಾರೆ. ಅದಕ್ಕಿಂತ, ತಾರಸಿಯ ನೀರನ್ನು ತೊಟ್ಟಿಗೋ ಇಂಗುಗುಂಡಿಗೋ ತಿರುಗಿಸಿದರೆ ಆ 11,000 ಲೀಟರಿನಲ್ಲಿ ಒಂದಿಷ್ಟಾದರೂ ಬೀದಿಗೆ ಬರುವುದು ತಪ್ಪುತ್ತದೆ. 2009ರಿಂದ ಬೆಂಗಳೂರಿನಲ್ಲಿ ಮೂವತ್ತು ನಲವತ್ತರ ಹೊಸ ಮನೆಗಳಿಗೂ ಇದು ಕಡ್ಡಾಯ. ಆದರೆ ನೆಲ ಮೊದಲೇ ಜೌಗಾಗಿರುವ ಅಚ್ಚುಕಟ್ಟಿನ ಬಡಾವಣೆಯಲ್ಲಿ ಇಂಗುಗುಂಡಿ ತೋಡಿದರೆ ನೀರು ಇಂಗುವುದಿಲ್ಲ, ಕೆಳಗಿನಿಂದಲೇ ತುಂಬಿಕೊಳ್ಳುತ್ತದೆ. ಅಲ್ಲಿ ತೊಟ್ಟಿಯೇ ಸರಿ. ಉಳಿದದ್ದು ಬೀದಿಯವರೆಲ್ಲ ಕೂಡಿ ಮಾಡಿಸಬೇಕಾದ ಕೆಲಸ. ಕಾಲುವೆಯ ಹೂಳನ್ನು ಏಪ್ರಿಲ್ ಒಳಗೆ ತೆಗೆಸಬೇಕು, ಏಕೆಂದರೆ ಮುಂಗಾರಿಗೆ ಮೊದಲಿನ ಗುಡುಗು ಮಳೆ ಅದೇ ತಿಂಗಳಲ್ಲಿ ಶುರುವಾಗುತ್ತದೆ. ತೆಗೆದ ಹೂಳನ್ನು ಅದೇ ದಿನ ಸಾಗಿಸುವಂತೆಯೂ ನೋಡಿಕೊಳ್ಳಬೇಕು. ದಂಡೆಯ ಮೇಲೆ ಗುಡ್ಡೆ ಹಾಕಿ ಹೋದರೆ ಮೊದಲ ಮಳೆಗೆ ಅದು ಮತ್ತೆ ಕಾಲುವೆಯೊಳಗೇ ಇರುತ್ತದೆ.